ಹತ್ತು ದ್ವೀಪ, ಹನ್ನೊಂದು ಆಟಗಾರರು

ಮಿಂಡೆಲೊ ಬಂದರಿನ ಗಾಳಿಗೆ ತಲೆ ಮೇಲೆ ಟೋಪಿ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದುಕೊಂಡೇ ದಂಡೆಗುಂಟ ನಡೆಯುತ್ತೇನೆ. ಎಡಕ್ಕೆ ಹಳದಿ, ಗುಲಾಬಿ, ತಿಳಿಹಸಿರು ಬಳಿದ ಮನೆಗಳ ಸಾಲು. ಬಲಕ್ಕೆ ಕಣ್ಣು ಕುಕ್ಕುವ ನೀಲಿ ಕೊಲ್ಲಿ. ಅದರಾಚೆ ಮೊಂಟೆ ಕಾರಾ ಬೆಟ್ಟ, ಅಂಗಾತ ಮಲಗಿ ಆಕಾಶ ನೋಡುತ್ತಿರುವ ಮನುಷ್ಯನ ಮುಖ ಹೊತ್ತು ನಿಂತಿದೆ. ಹಣೆ, ಮೂಗು, ಗಲ್ಲ ಎಲ್ಲವೂ ಸ್ಪಷ್ಟ. ಇಡೀ ಮುಖದ ಮೇಲೆ ಒಂದು ಗಿಡ ಮಾತ್ರ ಇಲ್ಲ. ಕಾಫಿ ಅಂಗಡಿಯೊಂದರಿಂದ ಸೆಸಾರಿಯಾ ಎವೊರಾಳ ದನಿ ತೇಲಿಬರುತ್ತಿದೆ. ಬರಿಗಾಲಲ್ಲಿ ವೇದಿಕೆ ಹತ್ತಿ ಜಗತ್ತನ್ನೇ ಅಳಿಸಿದ ಈ ಹಾಡುಗಾರ್ತಿ ಇದೇ ಊರಿನವಳು.

ನಾನು ಬಂದದ್ದು ಹಾಡಿಗಲ್ಲ, ಚೆಂಡಿಗೆ. ಸೆನೆಗಲ್ ತೀರದಿಂದ ಐನೂರು ಕಿಲೋಮೀಟರಿಗೂ ಆಚೆ, ಅಟ್ಲಾಂಟಿಕ್‌ನ ನಡುವೆ ಚೆದುರಿದ ಹತ್ತು ದ್ವೀಪಗಳ ದೇಶ ಕೇಪ್ ವರ್ಡ್. ಜನಸಂಖ್ಯೆ 5 ಲಕ್ಷ ಚಿಲ್ಲರೆ. ಇವರ ಫುಟ್‌ಬಾಲ್ ತಂಡ, 'ನೀಲಿ ಶಾರ್ಕ್‌ಗಳು', 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿದೆ. ಹೇಗೆ ಸಾಧ್ಯವಾಯಿತು ಎಂಬ ಬೆರಗೇ ನನ್ನನ್ನು ಇಲ್ಲಿಗೆ ಎಳೆದು ತಂದದ್ದು.

ಉತ್ತರದ ಮೊದಲ ಎಳೆ ಈ ಬಂದರಿನಲ್ಲೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಉಗಿಹಡಗುಗಳೆಲ್ಲ ಕಲ್ಲಿದ್ದಲು ತುಂಬಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದವು. ಕಲ್ಲಿದ್ದಲಿನ ವ್ಯಾಪಾರ ಬ್ರಿಟಿಷರದು. 1874ರಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಯೂ ಬಂತು. ಆಳುವವರು ಪೋರ್ಚುಗೀಸರಾದರೂ ಆಟ ಕಲಿಸಿದವರು ಇಂಗ್ಲಿಷರು: ಫುಟ್‌ಬಾಲ್, ಕ್ರಿಕೆಟ್, ಹುಲ್ಲಿನ ಎಸಳೂ ಇಲ್ಲದ ಕಂದು ನೆಲದಲ್ಲಿ ಗಾಲ್ಫ್ ಕೂಡ! ಕಲ್ಲಿದ್ದಲಿನ ಕಾಲ ಮುಗಿಯಿತು, ಹಡಗುಗಳು ಹೋದವು, ಚೆಂಡು ಉಳಿಯಿತು.

ಮೀನು ಮಾರುಕಟ್ಟೆಯ ಪಕ್ಕದ ನೆರಳಲ್ಲಿ ಮುದುಕರಿಬ್ಬರು ಊರಿಲ್ ಆಡುತ್ತಿದ್ದಾರೆ. ಮರದ ಹಲಗೆ, ಎರಡು ಸಾಲು ಗುಳಿ, ಬೂದುಬಣ್ಣದ ಬೀಜಗಳು. ನೋಡಿದರೆ ನಮ್ಮ ಅಳಗುಳಿಮಣೆಯ ದಾಯಾದಿಯೇ ಸರಿ! ಆಟದ ಗತ್ತು ಮಾತ್ರ ಬೇರೆ. ಪ್ರತಿ ಬೀಜವನ್ನೂ ಟಪ್ ಎಂದು ಬಡಿದೇ ಇಡುತ್ತಾರೆ. ಫುಟ್‌ಬಾಲ್ ಎಂದದ್ದೇ ತಡ, ಒಬ್ಬ ಹಿರಿಯರು ಆಟ ಬಿಟ್ಟು ನನ್ನತ್ತ ತಿರುಗುತ್ತಾರೆ. ಪಕ್ಕದ ಹುಡುಗ ಅನುವಾದಕ. "ಗೋಲ್‌ಕೀಪರ್ ವೊಜಿಞಾ ನಮ್ಮ ಊರಿನವನು, ಬರೆದುಕೊಳ್ಳಿ" ಎನ್ನುತ್ತಾರೆ. ಮಕ್ಕಳೆಲ್ಲಿ ಎಂದು ಕೇಳಿದೆ. ಬೆರಳು ಮಡಚುತ್ತಾ ಹೇಳಿದರು: ಒಬ್ಬ ರಾಟರ್‌ಡ್ಯಾಮ್‌ನಲ್ಲಿ, ಒಬ್ಬಳು ಲಿಸ್ಬನ್‌ನಲ್ಲಿ, ಕಿರಿಯವ ಬಾಸ್ಟನ್ ಕಡೆ. ಆಮೇಲೆ ಮತ್ತೆ ಬೀಜ ಎಣಿಸತೊಡಗಿದರು.

ಪುಟ್ಟ ವಿಮಾನ ರಾಜಧಾನಿ ಪ್ರಾಯಾಕ್ಕೆ ತಂದು ಇಳಿಸುತ್ತದೆ. ಸಾಂತಿಯಾಗೊ ದ್ವೀಪದ ಬಣ್ಣವೇ ಬೇರೆ, ಸದ್ದೇ ಬೇರೆ. ಹಳೆಯ ಪೇಟೆ ಇರುವುದು ಪ್ಲಾಟೊ ಎಂಬ ಎತ್ತರದ ದಿಬ್ಬದ ಮೇಲೆ. ಅಲ್ಲಿಂದ ಇಳಿದರೆ ಸುಕುಪಿರಾ ಸಂತೆ: ತಗಡಿನ ಮಾಡು, ರಾಶಿ ಬಿದ್ದ ಜೀನ್ಸು, ಮೀನಿನ ಬೋಗುಣಿ ತಲೆ ಮೇಲೆ ಹೊತ್ತ ಹೆಂಗಸರು, ಎಲ್ಲ ಮೂಲೆಗಳಿಂದಲೂ ಫುನಾನಾ ಸಂಗೀತದ ಅಕಾರ್ಡಿಯನ್. ಜೋಳ, ಕಾಳು ಹಾಕಿ ಗಂಟೆಗಟ್ಟಲೆ ಬೇಯಿಸಿದ ಕಾಚುಪಾ ಒಂದು ತಟ್ಟೆ ತಿಂದರೆ ಸಂಜೆವರೆಗೆ ಹಸಿವಿನ ಮಾತೇ ಇಲ್ಲ.

ಸಂತೆಯಿಂದ ದೂರವೇನಿಲ್ಲ, ವಾರ್ಜಿಯಾ ಕ್ರೀಡಾಂಗಣ. ಗೇಟಿನ ಸಂದಿಯಿಂದ ಇಣುಕಿದೆ. ಸಣ್ಣ ಅಂಗಳ, ಕೃತಕ ಹುಲ್ಲು. 1975ರ ಜುಲೈ 5ರಂದು ದೇಶ ಸ್ವತಂತ್ರವಾಯಿತು; ಫಿಫಾ ಸದಸ್ಯತ್ವ ಸಿಕ್ಕಿದ್ದು 1986ರಲ್ಲಿ; ವಿಶ್ವಕಪ್ ಅರ್ಹತಾ ಪಂದ್ಯ ಮೊದಲು ಆಡಿದ್ದು 2000ದಲ್ಲಿ. ಇದೇ ಅಂಗಳದಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಕ್ಯಾಮರೂನ್‌ನಂಥ ಕ್ಯಾಮರೂನ್ 2–0ರಿಂದ ಮಣ್ಣುಮುಕ್ಕಿತು. ಆ ಗೆಲುವಿನ ಬಲದಲ್ಲೇ ದ್ವೀಪದ ಹುಡುಗರು 2013ರ ಆಫ್ರಿಕಾ ಕಪ್‌ಗೆ ಹೋದರು. ತರಬೇತುದಾರ ಲೂಸಿಯೊ ಆಂಟುನೆಸ್ ವೃತ್ತಿಯಿಂದ ವಿಮಾನ ಸಂಚಾರ ನಿಯಂತ್ರಕ! ಅಂಗೋಲಾ ವಿರುದ್ಧ ಹಿಂದೆ ಬಿದ್ದಿದ್ದ ತಂಡ 90ನೇ ನಿಮಿಷದ ಗೋಲಿನಿಂದ ಗೆದ್ದು ಕ್ವಾರ್ಟರ್ ಫೈನಲ್ ತಲುಪಿತು. ಆ ಕೂಟದಲ್ಲಿ ಮೊರಾಕ್ಕೊಗೆ ಗೋಲು ಹೊಡೆದವನ ಅಡ್ಡಹೆಸರು ಪ್ಲಾಟಿನಿ. ಅದೇ ವರ್ಷ ವಿಶ್ವಕಪ್‌ನ ಬಾಗಿಲೂ ತೆರೆದೇಬಿಟ್ಟಿತ್ತು. ಟುನೀಶಿಯಾವನ್ನು ಅದರ ನೆಲದಲ್ಲೇ 2–0ರಿಂದ ಸೋಲಿಸಿದ್ದರು. ಆದರೆ ಅಮಾನತಿನಲ್ಲಿದ್ದ ಆಟಗಾರನೊಬ್ಬನನ್ನು ಆಡಿಸಿದರೆಂದು ಫಿಫಾ ಆ ಗೆಲುವನ್ನು ಕಿತ್ತುಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವ್ಯಾನ್ ತುಂಬುವವರೆಗೂ ಹೊರಡುವುದಿಲ್ಲ. ಊರೊಳಗೇ ಸುತ್ತು ಹೊಡೆಯುತ್ತಾ, ಕೂಗಿ ಕೂಗಿ ಜನ ಹತ್ತಿಸಿಕೊಂಡು, ಕೊನೆಗೂ ಪಶ್ಚಿಮಕ್ಕೆ ತಿರುಗುತ್ತದೆ. ಒಣ ಗುಡ್ಡಗಳ ನಡುವೆ ಹದಿನೈದು ಕಿಲೋಮೀಟರ್ ಹೋದರೆ ಸಿದಾದ್ ವೆಲ್ಯಾ. 1462ರಲ್ಲಿ ಪೋರ್ಚುಗೀಸರು ಕಟ್ಟಿದ ಊರು; ಉಷ್ಣವಲಯದಲ್ಲಿ ಯುರೋಪಿಯನ್ನರ ಮೊದಲ ವಸಾಹತು ಪಟ್ಟಣ. ಚೌಕದ ನಡುವೆ ಬಿಳಿ ಅಮೃತಶಿಲೆಯ ಕಂಬ. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ ಅದು. ಬುಡದ ಮೆಟ್ಟಿಲಿನ ಅಂಚು ನುಣ್ಣಗೆ ಸವೆದಿದೆ. ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದವರನ್ನು ಇಲ್ಲಿಂದ ಅಮೆರಿಕಕ್ಕೆ ಸಾಗಿಸುತ್ತಿದ್ದರು. ಇಂದು ಅದೇ ಚೌಕದಲ್ಲಿ ಬರಿಗಾಲ ಹುಡುಗರು ಚೆಂಡು ಒದೆಯುತ್ತಿದ್ದಾರೆ. ಕಂಬಕ್ಕೆ ತಗಲಿ ಹಿಂದೆ ಬಂದರೂ ಆಟ ನಿಲ್ಲುವುದಿಲ್ಲ.

ನಮ್ಮ ಕರಾವಳಿಯ ಕಥೆಗೂ ಈ ದ್ವೀಪಕ್ಕೂ ಒಂದು ನೂಲಿನ ನಂಟಿದೆ. 1497ರ ಜುಲೈ ಕೊನೆಯಲ್ಲಿ ವಾಸ್ಕೊ ಡ ಗಾಮಾ ಸಾಂತಿಯಾಗೊದಲ್ಲಿ ತಂಗಿ ಮಾಂಸ, ನೀರು, ಸೌದೆ ತುಂಬಿಕೊಂಡ. ಮರುವರ್ಷ ಕಲ್ಲಿಕೋಟೆಯಿಂದ ಮರಳುವಾಗ ಅವನ ಹಡಗುಗಳು ದುರಸ್ತಿಗೆ ನಿಂತದ್ದು ಕಾರವಾರದ ಎದುರಿನ ಅಂಜುದೀವದಲ್ಲಿ.

ಗುಲಾಮಗಿರಿ ಹೋದ ಮೇಲೂ ದ್ವೀಪ ಬಿಡುವುದು ನಿಲ್ಲಲಿಲ್ಲ. ಮಳೆ ಕೈಕೊಟ್ಟಾಗಲೆಲ್ಲ ಬರ. ಬರ ಬಂದಾಗಲೆಲ್ಲ ಹಡಗು. ತಿಮಿಂಗಿಲ ಬೇಟೆಯ ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಒಂದು ತಲೆಮಾರು, ಲಿಸ್ಬನ್, ರಾಟರ್‌ಡ್ಯಾಮ್‌ಗೆ ಹೋದವರು ಇನ್ನೊಂದು. ಊರಲ್ಲಿರುವವರಿಗಿಂತ ಹೊರಗಿರುವವರೇ ಹೆಚ್ಚು ಎನ್ನುತ್ತಾರೆ. ಬಹುಕಾಲ ಇದು ಫುಟ್‌ಬಾಲಿಗೂ ನಷ್ಟವೇ ಆಗಿತ್ತು. ಇಲ್ಲಿನ ರಕ್ತ ಬೇರೆ ದೇಶಗಳ ಅಂಗಿ ತೊಟ್ಟು ಆಡುತ್ತಿತ್ತು. ಈಚಿನ ತಂಡ ಆ ಲೆಕ್ಕವನ್ನು ತಿರುವಿಹಾಕಿತು. ಹೋದವರ ಮಕ್ಕಳನ್ನು ಹುಡುಕಿ ಹುಡುಕಿ ಕರೆಸಿಕೊಂಡಿತು. ರಾಬರ್ಟೊ 'ಪಿಕೊ' ಲೋಪೆಸ್ ಡಬ್ಲಿನ್‌ನಲ್ಲಿ ಹುಟ್ಟಿದವನು, ತಾಯಿ ಐರಿಷ್. ಅಂದಿನ ತರಬೇತುದಾರ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಸಂದೇಶ ಕಳಿಸಿದಾಗ ಈತ ಯಾವುದೋ ಕಸವೆಂದು ಬಿಟ್ಟುಬಿಟ್ಟನಂತೆ! ತಿಂಗಳುಗಳ ನಂತರ ಎರಡನೇ ಸಂದೇಶ ಬಂದಾಗಲೇ ಸಂಗತಿ ತಿಳಿದದ್ದು. ಈಗ ರಕ್ಷಣೆಯ ಆಧಾರಸ್ತಂಭ ಅವನೇ.

ರಾಜಧಾನಿಯ ಹೊರಗೆ ಬೋಳು ಗುಡ್ಡಗಳ ಮಧ್ಯೆ ಚೀನಾದ ನೆರವಿನಿಂದ ಎದ್ದ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಕೊನೆಗೆ ಬಂದೆ. 15,000 ಆಸನ. ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಡೈಲನ್ ಲಿವ್ರಮೆಂಟೊ 2025ರ ಸೆಪ್ಟೆಂಬರ್ 9ರಂದು ಇಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕ್ಯಾಮರೂನ್ ವಿರುದ್ಧ ಏಕೈಕ ಗೋಲು ಹೊಡೆದ. ಅಕ್ಟೋಬರ್ 13ರಂದು ಎಸ್ವಾಟಿನಿ ಎದುರು ವಿರಾಮದವರೆಗೂ 0–0. ಆಮೇಲೆ ಮತ್ತೆ ಅವನದೇ ಗೋಲು, ಫ್ರಾನ್ಸ್‌ನಲ್ಲಿ ಹುಟ್ಟಿದ ವಿಲಿ ಸೆಮೆಡೊನ ಎರಡನೆಯದು, ಹೆಚ್ಚುವರಿ ಸಮಯದಲ್ಲಿ ಪ್ರಾಯಾದ ಮಗ, 37ರ ಸ್ಟೊಪಿರಾನ ಮೂರನೆಯದು. ಬೊವಾ ವಿಸ್ಟಾ ದ್ವೀಪದ ತರಬೇತುದಾರ ಬುಬಿಸ್ಟಾ ಇಷ್ಟು ಊರುಗಳ ಹುಡುಗರನ್ನು ಒಂದು ತಂಡವಾಗಿ ಹೊಲಿದದ್ದೇ ನನ್ನ ಮಟ್ಟಿಗೆ ಮೂರು ಗೋಲಿಗಿಂತ ದೊಡ್ಡದು.

2010ರ ವಿಶ್ವಕಪ್ ಗೆದ್ದ ಸ್ಪೇನ್ ಆ ಕೂಟದಲ್ಲಿ ಸೋತದ್ದು ಒಂದೇ ಪಂದ್ಯ, ಸ್ವಿಟ್ಜರ್ಲೆಂಡ್ ವಿರುದ್ಧ. ಗೋಲು ಹೊಡೆದ ಗೆಲ್ಸನ್ ಫರ್ನಾಂಡಿಸ್ ಹುಟ್ಟಿದ್ದು ಪ್ರಾಯಾದಲ್ಲಿ. 2026ರಲ್ಲಿ ನೀಲಿ ಶಾರ್ಕ್‌ಗಳ ಮೊದಲ ವಿಶ್ವಕಪ್ ಪಂದ್ಯ ನಿಗದಿಯಾಗಿರುವುದು ಜೂನ್ 15ಕ್ಕೆ, ಅಟ್ಲಾಂಟಾದಲ್ಲಿ, ಎದುರಾಳಿ ಸ್ಪೇನ್.