ನಂಬುವ ಮೊದಲು, ಶಂಕಿಸುವ ಮೊದಲು



ನಿಮ್ಮ ಮನೆಯಲ್ಲಿ ಕಾರೋ, ರಿಕ್ಷಾವೋ, ಮೀನು ಸಾಗಿಸುವ ಟೆಂಪೋವೋ ಇದ್ದರೆ ಈ ಸಂಕಟ ನಿಮಗೂ ಪರಿಚಿತವೇ. ವಾಹನ ಕೆಡುತ್ತದೆ, ರಿಪೇರಿಯಾಗುತ್ತದೆ, ಮತ್ತೆ ಹಾಗೆಯೇ ಕೆಡುತ್ತದೆ. ಆಗ ಮನದಲ್ಲಿ ಏಳುವ ಪ್ರಶ್ನೆ ಒಂದೇ: ಕೆಟ್ಟಿರುವುದು ವಾಹನವೋ, ಮೆಕ್ಯಾನಿಕನ ನಿಯತ್ತೋ?

ಕುಮಟಾ ತಾಲೂಕಿನ ಬಾಡದಲ್ಲಿ ನನ್ನ ವಾಸ. ನನ್ನ ಬಳಿಯಿರುವುದು ಹಳೆಯ ಮಾರುತಿ ಓಮ್ನಿ; ಅದರ ತಯಾರಿಕೆ 2019ರಲ್ಲಿಯೇ ನಿಂತುಹೋಗಿದೆ. ಎಂಜಿನ್ ಮುಂದಿನ ಆಸನಗಳ ಅಡಿಯಲ್ಲೇ ಇರುವುದರಿಂದ, ಅದಕ್ಕೆ ಜ್ವರ ಬಂದರೆ ಕುಳಿತವನಿಗೇ ಮೊದಲು ತಿಳಿಯುತ್ತದೆ. ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಅದು ಮೊದಲ ಬಾರಿಗೆ ಕುದಿದು, ಆವಿಯುಗುಳಿ ನಿಂತಿತು. ನಮ್ಮ ಸಮೀಪದ ಮೆಕ್ಯಾನಿಕ್ ಒಡೆದ ಹೋಸ್ ಪೈಪನ್ನು ಬದಲಿಸಿ, ಹೊಸ ಕೂಲಂಟ್ ತುಂಬಿಕೊಟ್ಟ. ಒಂದೆರಡು ತಿಂಗಳಲ್ಲಿ ಮತ್ತೆ ಕುದಿಯಿತು, ಥರ್ಮೋಸ್ಟಾಟ್ ಬದಲಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ವಾಟರ್ ಪಂಪಿನ ಸರದಿ ಬಂತು.

ಮೂರು ಬಿಲ್ಲುಗಳು ನನ್ನ ಮೇಜಿನ ಮೇಲಿದ್ದವು. ಆ ಹಣ ನನ್ನದಾಗಿರಲಿಲ್ಲ. ಮೀನು ಮಾರುವ ತಾಯಂದಿರು ಸೆರಗಿನ ಗಂಟು ಬಿಚ್ಚಿ ಕಾಣಿಕೆ ಹಾಕಿದ ಹತ್ತು, ಇಪ್ಪತ್ತು ರೂಪಾಯಿಗಳು ಅದರಲ್ಲಿದ್ದವು. "ಫಾದರ್, ಅಂವ ನಿಮ್ಮನ್ನು ಹಾಲು ಕೊಡುವ ಎಮ್ಮೆ ಮಾಡಿಕೊಂಡಿದ್ದಾನೆ" ಎಂದು ಹಿರಿಯರೊಬ್ಬರು ಎಚ್ಚರಿಸಿದರು. ನಾನು ನಕ್ಕೆ, ಆದರೆ ಮಾತು ಒಳಗಿಳಿಯಿತು.

ಮುಂದೊಂದು ರಾತ್ರಿ, ಉಸಿರಾಟದ ತೊಂದರೆಯಿದ್ದ ವೃದ್ಧೆಯೊಬ್ಬರನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೆವು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರದ ಶರಾವತಿ ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ಆಸನದ ಅಡಿ ಬಿಸಿಯೇರಿತು. 108ರ ಆಂಬುಲೆನ್ಸ್ ಬರುವ ತನಕ ಆ ತಾಯಿಯ ಕೈ ಹಿಡಿದು ರಸ್ತೆಬದಿಯಲ್ಲಿ ಕಾದ ಗಳಿಗೆಯನ್ನು ನಾನು ಮರೆಯಲಾರೆ. ಅವರು ಗುಣಹೊಂದಿ ಮನೆಗೆ ಮರಳಿದರು. ಆದರೆ ನನ್ನ ಶಂಕೆ ಅಂದು ಕೋಪವಾಗಿ ಬಿಟ್ಟಿತು.

ಬೇರೊಂದು ಗ್ಯಾರೇಜಿಗೆ ಹೋದೆ. ಅಲ್ಲಿ ವಾಹನವನ್ನು ಸರಿಯಾಗಿ ಪರೀಕ್ಷಿಸದೆಯೇ "ಎಂಜಿನ್ ಇಳಿಸಬೇಕು" ಎಂದರು. ಹೇಗೆ ತಿಳಿಯಿತೆಂದು ಕೇಳಿದರೆ, "ನಮಗೆ ಅನುಭವ ಉಂಟು" ಎಂಬುದಷ್ಟೇ ಉತ್ತರ. ಅವರು ಹೇಳಿದ ಮೊತ್ತಕ್ಕಿಂತ ಆ ಉತ್ತರವೇ ನನ್ನನ್ನು ಹಿಂದಕ್ಕೆ ಕಳುಹಿಸಿತು.

ಮೊದಲಿನ ಮೆಕ್ಯಾನಿಕನಲ್ಲಿ ಕಟುವಾಗಿಯೇ ಮಾತನಾಡಿದೆ. ಆತ ಪ್ರತಿಯಾಡದೆ ಮೂಲೆಯಿಂದ ಒಂದು ಚೀಲ ತಂದು ಸುರಿದ. ಬಿರುಕುಬಿಟ್ಟ ಹೋಸ್, ಅಲುಗಾಡುವ ಪಂಪು, ಹಳೆಯ ಥರ್ಮೋಸ್ಟಾಟ್: ಎಲ್ಲವನ್ನೂ ತೆಗೆದಿಟ್ಟಿದ್ದ. ಸ್ಟೌ ಮೇಲೆ ನೀರು ಕುದಿಸಿ, ಹಳೆಯ ಥರ್ಮೋಸ್ಟಾಟನ್ನೂ ಅಂಗಡಿಯಲ್ಲಿದ್ದ ಹೊಸದೊಂದನ್ನೂ ಅದರಲ್ಲಿ ಬಿಟ್ಟ. ಹೊಸದು ಬಾಯ್ತೆರೆಯಿತು, ಹಳೆಯದು ಮುಚ್ಚಿಕೊಂಡೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದ: "ಫಾದರ್, ನೀರು ಕಮ್ಮಿಯಾದಾಗ ನೀವು ಯಾವ ನೀರು ಹಾಕ್ತ್ರಿ?"

ನಾನು ಉತ್ತರಿಸಲು ತಡವರಿಸಿದೆ. ಬೇರೆ ನೀರು ಹಾಕಬೇಡಿರೆಂದು ಆತ ಮೊದಲ ದಿನವೇ ಹೇಳಿದ್ದ. ನಾನಾದರೋ ಉಳಿತಾಯವೆಂದುಕೊಂಡು ಅಂಗಳದ ಬಾವಿನೀರನ್ನೇ ಸುರಿಯುತ್ತಿದ್ದೆ. ಕಡಲ ಮಗ್ಗುಲಿನ ಬಾವಿಗೆ ಬೇಸಿಗೆಯಲ್ಲಿ ಉಪ್ಪಿನಂಶ ಬರುತ್ತದೆ. ಮೂರು ಬಾರಿ ರಿಪೇರಿಗೆ ಹೋದಾಗಲೂ ಈ ಸಂಗತಿಯನ್ನು ನಾನು ಬಾಯಿಬಿಟ್ಟಿರಲಿಲ್ಲ. ರೇಡಿಯೇಟರ್ ಬಿಚ್ಚಿದಾಗ ಸಣ್ಣ ಕೊಳವೆಗಳಲ್ಲಿ ಕೆಂಪು ಕೆಸರು ಗಟ್ಟಿಕೊಂಡಿತ್ತು. "ನಾನೂ ಇದನ್ನ ಮೊದಲೇ ಬಿಚ್ಚಿ ನೋಡಬೇಕಿತ್ತು" ಎಂದು ಆತ ತನ್ನ ತಪ್ಪನ್ನೂ ಒಪ್ಪಿಕೊಂಡ.

ಕೂಲಂಟ್ ಎಂಬುದು ಬರಿಯ ಬಣ್ಣದ ನೀರಲ್ಲ. ತುಕ್ಕನ್ನು ತಡೆಯುವ, ಕುದಿಯುವ ಬಿಂದುವನ್ನು ಏರಿಸುವ ಗುಣ ಅದಕ್ಕಿದೆ. ಬೆರೆಸಬೇಕಾದಲ್ಲಿ ಬಟ್ಟಿ ಇಳಿಸಿದ ನೀರನ್ನೇ ಬೆರೆಸಬೇಕು. ಇನ್ನೊಂದು ಮಾತು: ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮೀತು.

ಹಾಗಾದರೆ ಮೆಕ್ಯಾನಿಕನನ್ನು ಕಣ್ಣುಮುಚ್ಚಿ ನಂಬಬೇಕೆ? ಹಾಗೆ ನಾನು ಹೇಳಲಾರೆ. ತೆಗೆದ ಭಾಗವನ್ನು ತೋರಿಸಿರೆಂದು ಕೇಳಿ. ದೋಷ ಹೇಗೆ ತಿಳಿಯಿತೆಂದು ವಿಚಾರಿಸಿ. ಬಿಲ್ಲುಗಳನ್ನು ದಿನಾಂಕಸಹಿತ ಜೋಪಾನ ಮಾಡಿ. ಪ್ರಾಮಾಣಿಕನಾದವನು ಪ್ರಶ್ನೆಗೆ ಮುನಿಯುವುದಿಲ್ಲ. ಆದರೆ ಅವನಿಂದ ಸತ್ಯವನ್ನು ಅಪೇಕ್ಷಿಸುವ ನಾವೂ ಸತ್ಯವನ್ನೇ ಹೇಳಬೇಕು. ಅರ್ಧ ಮಾತು ಕೇಳಿದ ವೈದ್ಯ ಅರ್ಧ ಔಷಧಿಯನ್ನೇ ಕೊಟ್ಟಾನು.

ಓಮ್ನಿ ಈಗಲೂ ಹಳೆಯದೇ. ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ, ಆಗಾಗ ಕೆಡುತ್ತದೆ. ಅದನ್ನು ಆತನ ಅಂಗಳದಲ್ಲಿ ನಿಲ್ಲಿಸಿದಾಗ, ವಾಹನಕ್ಕೆ ಏನಾಗಿದೆ ಎಂಬುದಕ್ಕಿಂತ ಮೊದಲು ನಾನೇನು ಮಾಡಿದ್ದೇನೆ ಎಂಬುದನ್ನು ಹೇಳಿಬಿಡುತ್ತೇನೆ.