ಪರದೇಶದಲ್ಲಿ ಸತ್ತವರಿಗೊಂದು ಗುಡಿ

ಹಾಂಗ್‌ಕಾಂಗ್‌ನ ಶೆಂಗ್‌ವಾನ್‌ನಿಂದ ಏರು ಹತ್ತಿ ತೈಪಿಂಗ್‌ಶಾನ್ ಬೀದಿಗೆ ಬಂದರೆ ಊದುಬತ್ತಿಯ ಹೊಗೆಯೇ ಕ್ವಾಂಗ್‌ಫುಕ್ ಗುಡಿಯ ದಾರಿ ತೋರಿಸುತ್ತದೆ. ಒಳಕೋಣೆಯಲ್ಲಿ ಸಾಲುಸಾಲಾಗಿ ಹೆಸರು ಬರೆದ ಪುಟ್ಟ ಫಲಕಗಳು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ಬಾಯಿಗೆ ನೀರು ಬಿಡುವವರೂ ಇಲ್ಲದೆ ಸತ್ತವರಿಗಾಗಿ ಎದ್ದ ಗುಡಿ ಇದು. ಒಂದು ಕಾಲಕ್ಕೆ ಸಾಯುತ್ತಿರುವವರನ್ನೂ ಇಲ್ಲಿ ಹೆಣಗಳ ಪಕ್ಕದಲ್ಲೇ ಮಲಗಿಸುತ್ತಿದ್ದರಂತೆ. 1869ರಲ್ಲಿ ಅದು ಬಯಲಾಗಿ ದೊಡ್ಡ ಗದ್ದಲವಾಯಿತು. ಚೀನೀ ವರ್ತಕರು ಹಣ ಕೂಡಿಸಿದರು. 1872ರಲ್ಲಿ ಹತ್ತಿರದಲ್ಲೇ ತುಂಗ್‌ವಾ ಆಸ್ಪತ್ರೆ ಬಾಗಿಲು ತೆರೆಯಿತು.

ಊದುಬತ್ತಿ ಹಚ್ಚುತ್ತಿದ್ದ ಅಜ್ಜಿಯೊಬ್ಬರು ಫಲಕಗಳತ್ತ ಕೈ ತೋರಿಸಿ, "ಹೋ ಛಾಮ್ ಆ" ಎಂದರು. ಅಯ್ಯೋ ಪಾಪ! ಅಷ್ಟೇ. ಕ್ಯಾಂಟನೀಸ್ ಮಂದಿಯ ಮರುಕ ಮಾತಿಗಿಂತ ಕೈಯಲ್ಲೇ ಹೆಚ್ಚು ಎಂದು ನನಗೆ ಬಲವಾಗಿ ಅನ್ನಿಸಿದ್ದು ಆಗ. ಸಾವಿನ ಮನೆಯವರಿಗೆ "ಜಿತ್ ಓಯ್ ಸೋನ್ ಬಿನ್", ದುಃಖ ತಡೆದುಕೊಳ್ಳಿ, ಬಂದದ್ದಕ್ಕೆ ಹೊಂದಿಕೊಳ್ಳಿ ಎಂದು ಹೇಳಿ, ಬಿಳಿ ಲಕೋಟೆಯಲ್ಲಿ 101 ಡಾಲರಿನಂಥ ಬೆಸಸಂಖ್ಯೆಯ ಹಣ ಕೊಡುತ್ತಾರೆ. ಬಂದವರಿಗೂ ಒಂದು ಪುಟ್ಟ ಪೊಟ್ಟಣ ಸಿಗುತ್ತದೆ: ಕಣ್ಣೊರೆಸಲು ಕಾಗದದ ಕರವಸ್ತ್ರ, ಒಂದು ಮಿಠಾಯಿ, ಒಂದು ನಾಣ್ಯ. ಮನೆ ಸೇರುವ ಮೊದಲೇ ಮಿಠಾಯಿ ತಿನ್ನಬೇಕು, ನಾಣ್ಯ ಖರ್ಚು ಮಾಡಬೇಕು. ಸಾವಿನ ಕಹಿಯನ್ನು ಯಾರೂ ಮನೆಯೊಳಗೆ ಒಯ್ಯದಿರಲಿ ಎಂಬ ಈ ಕಾಳಜಿ ಎಷ್ಟು ಚಂದ!

ತುಂಗ್‌ವಾದ ಕೈ ಕಡಲಾಚೆಗೂ ಚಾಚಿತ್ತು. ಚಿನ್ನ ಅಗೆಯಲು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲೇ ಮಣ್ಣಾದವರ ಮೂಳೆಗಳನ್ನು ಅಗೆದು, ತೊಳೆದು, ಪೆಟ್ಟಿಗೆಗೆ ತುಂಬಿ ಹಡಗಿಗೇರಿಸುತ್ತಿದ್ದರು. ಅವನ್ನು ಹಾಂಗ್‌ಕಾಂಗ್‌ನಲ್ಲಿ ಇಳಿಸಿಕೊಂಡು ಗುವಾಂಗ್‌ಡಾಂಗ್‌ನ ಹುಟ್ಟೂರುಗಳಿಗೆ ಮುಟ್ಟಿಸುವ ಹೊಣೆ ಈ ಧರ್ಮಸಂಸ್ಥೆಯದು. ಊರಿಗೆ ಹೋಗುವ ತನಕ ತಂಗಲೆಂದು 1899ರಲ್ಲಿ ಪೋಕ್‌ಫುಲಾಮ್ ಬಳಿಯ ಸ್ಯಾಂಡಿ ಬೇಯಲ್ಲಿ ಶವಪೆಟ್ಟಿಗೆಗಳಿಗೇ ಒಂದು ಛತ್ರ ಕಟ್ಟಿದರು. ಸತ್ತವರಿಗೂ ಛತ್ರ! ಕೇಳಿಯೇ ನಾನು ಬೆರಗಾದೆ.

ಎಲ್ಲರೂ ಊರು ಮುಟ್ಟಲಿಲ್ಲ. 1902ರಲ್ಲಿ ನ್ಯೂಜಿಲೆಂಡಿನಿಂದ 499 ಚೀನೀಯರ ಅವಶೇಷ ಹೊತ್ತು ಹೊರಟ 'ವೆಂಟ್ನರ್' ಹಡಗು ಆ ದೇಶದ್ದೇ ಹೊಕಿಯಾಂಗಾ ತೀರದ ಬಳಿ ಮುಳುಗಿತು. ಅಲೆ ದಡಕ್ಕೆ ತಂದೆಸೆದ ಮೂಳೆಗಳನ್ನು ಅಲ್ಲಿನ ಮಾವೊರಿ ಜನ ಆರಿಸಿ, ಗೌರವದಿಂದ ಮಣ್ಣು ಮಾಡಿದರು. ಸತ್ತವರ ಭಾಷೆ ಅವರಿಗೆ ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ನೂರು ವರ್ಷ ಕಳೆದ ಮೇಲೆ, 2013ರಲ್ಲಿ, ನ್ಯೂಜಿಲೆಂಡಿನ ಚೀನೀಯರು ಆ ತೀರವನ್ನು ಹುಡುಕಿಕೊಂಡು ಹೋಗಿ ಹಿರಿಯರಿಗೆ ಪೂಜೆ ಸಲ್ಲಿಸಿದರು, ಮಾವೊರಿಗಳಿಗೆ ಕೃತಜ್ಞತೆ ಹೇಳಿದರು.