ನೆಲ ಡೊಂಕಾಗಿದ್ದ ದಿನ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಸೋತವರ ಬಾಯಿ ಮುಚ್ಚಿಸುವುದಕ್ಕೆಂದೇ ಹುಟ್ಟಿದಂತಿದೆ. ಪಂದ್ಯ ಸೋತವನು ರೆಫರಿಯ ಮಾತೆತ್ತಿದೊಡನೆ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಅಲ್ಲಿಗೆ ವಾದ ಮುಗಿಯುತ್ತದೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟಲ್ಲವೆ? ಆ ಸಾಧ್ಯತೆಯನ್ನು ಗಾದೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಹಳೆಯ ಸರಣಿಯೊಂದರ ನೆನಪು ಮರುಕಳಿಸುತ್ತದೆ. 2002ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳ ನಡುವೆ ನಡೆದ, ಎನ್‌ಬಿಎ ಪ್ಲೇಆಫ್‌ನ ಪಶ್ಚಿಮ ವಿಭಾಗದ ಅಂತಿಮ ಸರಣಿ ಅದು.

ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಮುಂದಕ್ಕೆ ಹೋಗಬೇಕು. ಲೇಕರ್ಸ್ ಅದಾಗಲೇ ಎರಡು ವರ್ಷ ಸತತವಾಗಿ ಪ್ರಶಸ್ತಿ ಗೆದ್ದ ತಂಡ. ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್ ಎಂಬ ಇಬ್ಬರು ಧುರಂಧರರ ಬಲ ಅದಕ್ಕಿತ್ತು. ಕಿಂಗ್ಸ್ ಆಟದ ರೀತಿಯೇ ಬೇರೆ. ಕ್ರಿಸ್ ವೆಬ್ಬರ್, ವ್ಲಾಡೆ ಡಿವಾಟ್ಸ್, ಮೈಕ್ ಬಿಬ್ಬಿ ಮೊದಲಾದವರ ಕೈಯಿಂದ ಕೈಗೆ ಚೆಂಡು ಹರಿಯುವುದನ್ನು ನೋಡುವುದೇ ಒಂದು ಸೊಗಸು. ಐದು ಪಂದ್ಯ ಮುಗಿದಾಗ ಕಿಂಗ್ಸ್ 3-2ರಿಂದ ಮುಂದಿತ್ತು. ಇನ್ನೊಂದು ಗೆದ್ದರೆ ಸಾಕಿತ್ತು.

ಆರನೆಯ ಪಂದ್ಯ ಮೇ 31ರಂದು ಲಾಸ್ ಏಂಜಲೀಸಿನಲ್ಲಿ ನಡೆಯಿತು. ಲೇಕರ್ಸ್ 106-102ರಿಂದ ಗೆದ್ದಿತು. ಆ ದಿನ ಲೇಕರ್ಸ್‌ಗೆ ದೊರೆತ ಫ್ರೀ ಥ್ರೋಗಳು 40. ಅವುಗಳಲ್ಲಿ 27 ದೊರೆತದ್ದು ಹನ್ನೆರಡು ನಿಮಿಷದ ಕೊನೆಯ ಅವಧಿಯೊಂದರಲ್ಲೇ. ಮೊದಲ ಮೂರು ಅವಧಿಗಳಲ್ಲಿ ಒಟ್ಟು 13, ಕೊನೆಯದೊಂದರಲ್ಲಿ ಅದರ ಇಮ್ಮಡಿಗಿಂತ ಹೆಚ್ಚು. ಓನೀಲ್‌ನನ್ನು ತಡೆಯಬೇಕಾಗಿದ್ದ ಡಿವಾಟ್ಸ್ ಮತ್ತು ಸ್ಕಾಟ್ ಪೊಲಾರ್ಡ್ ಇಬ್ಬರೂ ಆರಾರು ಫೌಲ್ ತುಂಬಿ ಅಂಗಳದಿಂದ ಹೊರನಡೆದರು. ಕೊನೆಯ ಕ್ಷಣಗಳಲ್ಲಿ ಬ್ರಯಂಟ್‌ನ ಮೊಣಕೈ ಬಿಬ್ಬಿಯ ಮುಖಕ್ಕೆ ಬಡಿದು ಮೂಗಿನಲ್ಲಿ ರಕ್ತ ಬಂತು. ಆ ಪೆಟ್ಟಿಗೆ ಸೀಟಿ ಕೇಳಿಸಲಿಲ್ಲ. ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಎನ್‌ಬಿಎ ಕಮಿಷನರ್ ಡೇವಿಡ್ ಸ್ಟರ್ನ್ ಅವರಿಗೆ ಪತ್ರ ಬರೆದು ಪ್ರತಿಭಟಿಸುವಷ್ಟು ದೂರ ಆ ಪಂದ್ಯದ ಕಹಿ ಹರಡಿತು.

ಇಪ್ಪತ್ತೇಳು ಎಂಬ ಅಂಕಿಯೊಂದೇ ಅನ್ಯಾಯಕ್ಕೆ ಸಾಕ್ಷಿಯಾಗದು. ಏಳಡಿಯನ್ನು ಮೀರಿದ ಓನೀಲ್ ಬುಟ್ಟಿಯ ಬುಡದಲ್ಲಿ ಚೆಂಡು ಹಿಡಿದು ತಿರುಗಿದರೆ ಎದುರಾಳಿ ಅವನ ಮೈ ಮುಟ್ಟದೆ ತಡೆಯುವುದೇ ಕಷ್ಟ. ಫೌಲ್ ಎಂದರೆ ಪ್ರತಿ ಸಲವೂ ಫೌಲ್, ಅಲ್ಲವೆಂದರೆ ಒಂದೂ ಅಲ್ಲ. ಫ್ರೀ ಥ್ರೋದಲ್ಲಿ ದುರ್ಬಲನೆಂದೇ ಹೆಸರಾದ ಅವನು ಅಂದು ಹದಿನೇಳರಲ್ಲಿ ಹದಿಮೂರನ್ನು ಬುಟ್ಟಿಗೆ ಹಾಕಿದ. ರೆಫರಿ ಅವಕಾಶವನ್ನು ಕೊಡಬಲ್ಲ, ಗುರಿಯನ್ನು ಕೊಡಲಾರ. ಹೀಗಿದ್ದರೂ ಮೂರು ಅವಧಿ ಒಂದು ಅಳತೆ, ಕೊನೆಯದಕ್ಕೆ ಇನ್ನೊಂದು ಅಳತೆ ಎಂಬ ಭಾವನೆ ಉಳಿದೇ ಉಳಿಯುತ್ತದೆ. ಅಂದಿನ ಮಟ್ಟಿಗೆ ನೆಲ ಡೊಂಕಾಗಿತ್ತೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಅದು ಬೇಕೆಂದೇ ಮಾಡಿದ್ದೆಂಬುದು ಮಾತ್ರ ಬೇರೆ ಮಾತು. ಬಾಜಿ ಹಗರಣದಲ್ಲಿ ತಪ್ಪೊಪ್ಪಿಕೊಂಡ ಟಿಮ್ ಡೊನಾಘಿ ಎಂಬ ಮಾಜಿ ರೆಫರಿ 2008ರಲ್ಲಿ ಅಂಥದೊಂದು ಆರೋಪ ಹೊರಿಸಿದ, ಎನ್‌ಬಿಎ ಅದನ್ನು ನಿರಾಕರಿಸಿತು, ಆರೋಪ ರುಜುವಾತಾಗಲಿಲ್ಲ.

ಕನ್ನಡದಲ್ಲಿ ರೆಫರಿಗೆ ತೀರ್ಪುಗಾರನೆಂಬ ಹೆಸರಿದೆ. ‘ತೀರು’ ಧಾತುವಿನಿಂದ ಬಂದ ‘ತೀರ್ಪು’ ವ್ಯಾಜ್ಯವನ್ನು ತೀರಿಸಬೇಕಾದದ್ದು. ಆರನೆಯ ಪಂದ್ಯದ ತೀರ್ಪುಗಳು ಎರಡು ದಶಕ ಕಳೆದರೂ ಏನನ್ನೂ ತೀರಿಸಿಲ್ಲ.

ಇಷ್ಟಾದರೂ ಆ ಸರಣಿಯ ಗುಟ್ಟು ಇರುವುದು ಆರನೆಯ ಪಂದ್ಯದಲ್ಲಲ್ಲ, ನಾಲ್ಕನೆಯದರಲ್ಲಿ. ಅಂದು ಲಾಸ್ ಏಂಜಲೀಸಿನಲ್ಲೇ ಕಿಂಗ್ಸ್ ಒಂದು ಹಂತದಲ್ಲಿ 24 ಅಂಕಗಳಷ್ಟು ಮುಂದಿತ್ತು. ಮೊದಲರ್ಧ ಮುಗಿಯುವಾಗ ಲೇಕರ್ಸ್‌ನ ಸಮಾಕಿ ವಾಕರ್ ಬಲು ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ರೆಫರಿಗಳು ಮೂರು ಅಂಕ ಕೊಟ್ಟರು. ಗಡಿಯಾರ ನಿಂತ ಮೇಲೂ ಚೆಂಡು ಅವನ ಕೈಯಲ್ಲೇ ಇತ್ತೆಂದು ದೃಶ್ಯಾವಳಿ ಆಮೇಲೆ ತೋರಿಸಿತು. ಪಂದ್ಯದ ಕೊನೆಯ ಕ್ಷಣದಲ್ಲಿ ಎರಡಂಕ ಹಿಂದಿದ್ದ ಲೇಕರ್ಸ್‌ನ ಬ್ರಯಂಟ್ ಗುರಿ ತಪ್ಪಿದ, ಓನೀಲ್ ಕೂಡ ತಪ್ಪಿದ. ಡಿವಾಟ್ಸ್ ಚೆಂಡನ್ನು ಅಪಾಯದಿಂದ ದೂರ ತಟ್ಟಿದ. ಅದು ನೇರವಾಗಿ ರಾಬರ್ಟ್ ಹೋರಿಯ ಕೈಸೇರಿತು. ಅವನು ಎಸೆದ ಮೂರಂಕದ ಎಸೆತದಿಂದ ಲೇಕರ್ಸ್ 100-99ರಿಂದ ಗೆದ್ದಿತು. ಸೋತದ್ದು ಒಂದಂಕದಿಂದ, ತಪ್ಪಾಗಿ ಕೊಟ್ಟದ್ದು ಮೂರಂಕ. ಹಾಗಾದರೆ ರೆಫರಿಯೇ ಸೋಲಿಸಿದನೆನ್ನಬೇಕೆ? ಹಾಗೆನ್ನುವವರು ಕರಗಿಹೋದ ಇಪ್ಪತ್ತನಾಲ್ಕು ಅಂಕಗಳಿಗೂ ಲೆಕ್ಕ ಕೊಡಬೇಕಾಗುತ್ತದೆ. ಆ ಮೂರಂಕಗಳಿಂದ ಒಂದು ಒಳ್ಳೆಯದಾಯಿತು: ಮುಂದಿನ ಋತುವಿನಿಂದ ಅವಧಿಯ ಕೊನೆಯ ಎಸೆತಗಳನ್ನು ದೃಶ್ಯಾವಳಿ ನೋಡಿ ನಿರ್ಧರಿಸುವ ಪದ್ಧತಿ ಜಾರಿಗೆ ಬಂತು. 2015ರಿಂದ ನಿಕಟ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳ ಸರಿತಪ್ಪುಗಳನ್ನು ಎನ್‌ಬಿಎ ತಾನೇ ಪ್ರಕಟಿಸುತ್ತಿದೆ. ತಪ್ಪೊಪ್ಪಿಗೆ ಬರುವುದು ಮರುದಿನ. ಫಲಿತಾಂಶ ಹಿಂದಿನ ರಾತ್ರಿಯದೇ.

ಏಳನೆಯ ಪಂದ್ಯ ಜೂನ್ 2ರಂದು ಸ್ಯಾಕ್ರಮೆಂಟೊದಲ್ಲಿ, ತವರಿನ ಪ್ರೇಕ್ಷಕರ ಅಬ್ಬರದ ನಡುವೆ ನಡೆಯಿತು. ಫ್ರೀ ಥ್ರೋ ಎಂಬುದು ಬ್ಯಾಸ್ಕೆಟ್‌ಬಾಲಿನ ಅತ್ಯಂತ ಏಕಾಂತದ ಗಳಿಗೆ. ರೆಫರಿ ಚೆಂಡನ್ನು ಕೈಗಿತ್ತು ಪಕ್ಕಕ್ಕೆ ಸರಿಯುತ್ತಾನೆ, ಅಡ್ಡಬರುವವರಿಲ್ಲ, ಹದಿನೈದು ಅಡಿ ದೂರದಲ್ಲಿ ಬುಟ್ಟಿ. ಅಂದು ಕಿಂಗ್ಸ್‌ಗೆ ಅಂಥ ಮೂವತ್ತು ಗಳಿಗೆಗಳು ಒದಗಿದವು. ಹದಿನಾಲ್ಕು ವ್ಯರ್ಥವಾದವು. ಮೂರಂಕದ ಎಸೆತಗಳನ್ನು ಇಪ್ಪತ್ತು ಬಾರಿ ಯತ್ನಿಸಿ ಎರಡರಲ್ಲಿ ಮಾತ್ರ ಗುರಿ ಮುಟ್ಟಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 112-106ರಲ್ಲಿ ಕೈಬಿಟ್ಟಿತು. ಆರಂಕದ ಸೋಲು.

ಲೇಕರ್ಸ್ ಮುಂದೆ ನ್ಯೂಜೆರ್ಸಿ ನೆಟ್ಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಮಣಿಸಿ ಮೂರನೆಯ ಪ್ರಶಸ್ತಿ ಎತ್ತಿತು. ಮರುವರ್ಷದ ಪ್ಲೇಆಫ್‌ನ ನಡುವೆಯೇ ವೆಬ್ಬರ್‌ನ ಮೊಣಕಾಲಿಗೆ ಪೆಟ್ಟಾಯಿತು. ಕಿಂಗ್ಸ್ ಆ ಮೆಟ್ಟಿಲಿಗೆ ಮತ್ತೆ ಏರಲಿಲ್ಲ.